ಹಳೇ ಮಿನಿ ಟ್ರ್ಯಾಕ್ಟರ್ ತಗೊಂಡ್ರಾ? ಮೊದಲು ನಿಲ್ಲಿಸೋದು ಕಲೀರಿ

ಹಳೇ ಮಿನಿ ಟ್ರ್ಯಾಕ್ಟರ್ ನೋಡೋಕೆ ಹೋದ ಹುಡುಗರು ಮೊದಲು ಕೇಳೋ ಪ್ರಶ್ನೆ, "ಸ್ಟಾರ್ಟ್ ಆಗತ್ತಾ?" ಕೀ ತಿರುಗಿಸಿದ ಕೂಡಲೇ ಎಂಜಿನ್ ಗುಡುಗಿದರೆ ಮುಗೀತು, ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿ ಅಡ್ವಾನ್ಸ್ ಕೊಟ್ಟೇ ಬರ್ತಾರೆ. ನನ್ನ ಪ್ರಕಾರ ಮಾಕುಟ್ಟದಂಥ ಜಾಗದಲ್ಲಿ ಮೊದಲು ಕೇಳಬೇಕಾದ್ದು "ನಿಲ್ಲತ್ತಾ?" ಅಂತ.

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಘಾಟಿ ಇಳಿದವರಿಗೆ ಈ ಜಾಗ ಹೇಗಿದೆ ಅಂತ ವಿವರಿಸಬೇಕಿಲ್ಲ. 2018ರ ಮಳೆಯಲ್ಲಿ ಗುಡ್ಡ ಕುಸಿದು ಈ ರಸ್ತೆಯೇ ಬಂದ್ ಆಗಿತ್ತು. ತೋಟದೊಳಗಿನ ದಾರಿಗಳು ಇದಕ್ಕಿಂತ ಕಡಿದು. ಸಮತಟ್ಟು ಅಂತ ಇರೋದು ಮನೆ ಅಂಗಳ ಮಾತ್ರ. ಇಲ್ಲಿ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಒಂದು ದಿನದ ಕೆಲಸ ಕೆಡುತ್ತದೆ, ಅಷ್ಟೇ. ಬ್ರೇಕ್ ಹಿಡಿಯದಿದ್ದರೆ ಮನೆಯವರಿಗೆ ಬೇರೆಯವರು ಫೋನ್ ಮಾಡಬೇಕಾಗತ್ತೆ.

ಇದನ್ನು ನಾನು ಬುದ್ಧಿವಂತಿಕೆಯಿಂದ ಕಲಿತದ್ದಲ್ಲ. ಹಳೇ ಮಿನಿ ತಂದ ಮೂರನೇ ದಿನ ಗೊಬ್ಬರ ಹೇರಿಕೊಂಡು ತೋಟದ ಇಳಿಜಾರಲ್ಲಿ ಬರ್ತಿದ್ದೆ. ಟ್ರ್ಯಾಕ್ಟರಿಗೆ ಬಲಗಡೆ ಎರಡು ಬ್ರೇಕ್ ಪೆಡಲ್ ಇರುತ್ತವೆ, ಒಂದು ಎಡ ಚಕ್ರಕ್ಕೆ, ಒಂದು ಬಲ ಚಕ್ರಕ್ಕೆ. ಗದ್ದೆಯಲ್ಲಿ ಚಿಕ್ಕದಾಗಿ ತಿರುಗಿಸೋಕೆ ಅದು ಬೇಕು. ಬೇರೆ ಕಡೆಯೆಲ್ಲ ಎರಡನ್ನೂ ಸೇರಿಸೋ ಲಾಕ್ ಹಾಕಿರಬೇಕು. ನಾನು ಹಾಕಿರಲಿಲ್ಲ. ಗಾಬರಿಯಲ್ಲಿ ಒತ್ತಿದಾಗ ಕಾಲು ಬಿದ್ದದ್ದು ಒಂದೇ ಪೆಡಲ್ ಮೇಲೆ. ಒಂದು ಚಕ್ರ ನಿಂತಿತು, ಇನ್ನೊಂದು ಓಡಿತು, ಗಾಡಿ ಗಿರಕ್ಕಂತ ತಿರುಗಿ ಹಳ್ಳದ ಕಡೆ ನುಗ್ಗಿತು. ಹಲಸಿನ ಮರವೊಂದು ಅಡ್ಡ ಸಿಕ್ಕಿದ್ದರಿಂದ ಈ ಲೇಖನ ಬರೀತಿದ್ದೇನೆ. ಮರದ ಸಿಪ್ಪೆ ಇನ್ನೂ ಪೂರ್ತಿ ಕೂಡಿಲ್ಲ.

ಹಾಗಾಗಿ ಹಳೇ ಗಾಡಿ ಮನೆಗೆ ಬಂದ ಮೇಲೆ ಮೊದಲ ದುಡ್ಡು ರೊಟವೇಟರಿಗೆ ಹಾಕಬೇಡಿ, ಬ್ರೇಕಿಗೆ ಮತ್ತು ಹಿಂದಿನ ಟೈರಿಗೆ ಹಾಕಿ. ಪೆಡಲ್ ಲಾಕ್ ಹಾಕಿ, ಒಣಗಿದ ಸಮತಟ್ಟು ಜಾಗದಲ್ಲಿ ಮೆಲ್ಲಗೆ ಓಡಿಸಿ ಬ್ರೇಕ್ ಒತ್ತಿ. ಗಾಡಿ ಒಂದು ಕಡೆಗೆ ಎಳೆದರೆ ಮೆಕ್ಯಾನಿಕ್ ಹತ್ತಿರ ಎರಡನ್ನೂ ಸಮ ಮಾಡಿಸಿ. ಸೀಲ್ ಹೋಗಿದ್ದರೆ ಗೇರ್ ಆಯಿಲ್ ಬ್ರೇಕ್ ಲೈನಿಂಗಿಗೆ ಬಂದಿರತ್ತೆ, ಆಗ ಎಷ್ಟು ಟೈಟ್ ಮಾಡಿದರೂ ಹಿಡಿಯಲ್ಲ. ಹಳೇ ಡ್ರೈ ಬ್ರೇಕ್ ಗಾಡಿ ಗದ್ದೆಯಿಂದ ಮೇಲೆ ಬಂದ ಕೂಡಲೇ ರಸ್ತೆಗೆ ಬೇಡ. ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ ನೀರು ಒಣಗಲಿ.

ಇಳಿಯುವಾಗ ಕ್ಲಚ್ ಒತ್ತೋದು, ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸೋದು ಎರಡೂ ಬೇಡವೇ ಬೇಡ. ಯಾವ ಗೇರಲ್ಲಿ ಹತ್ತಬಹುದೋ ಅದೇ ಗೇರಲ್ಲಿ ಇಳೀಬೇಕು, ಇಳಿಜಾರು ಶುರುವಾಗೋ ಮೊದಲೇ ಗೇರ್ ಹಾಕಿರಬೇಕು. ನಮ್ಮ ಕಡೆ ಓಡಾಡೋ ಹಳೇ ಮಿನಿಗಳೆಲ್ಲ ಹಗುರ. ವಿಎಸ್‌ಟಿಯವರ 18.5 ಎಚ್‌ಪಿ ಮಿತ್ಸುಬಿಷಿ ಶಕ್ತಿ ಆಗಲಿ, ಮಹೀಂದ್ರಾದ 15 ಎಚ್‌ಪಿ ಯುವರಾಜ್ ಆಗಲಿ, ಹಿಂದೆ ಟ್ರೇಲರಲ್ಲಿ ಅದರ ಎರಡರಷ್ಟು ಭಾರ ಹಾಕಿದರೆ ಹತ್ತುವಾಗ ಹೇಗೋ ಎಳೆದುಬಿಡತ್ತೆ. ಇಳಿಯುವಾಗ ಆ ಟ್ರೇಲರೇ ನಿಮ್ಮನ್ನು ತಳ್ಳೋದು. ಕಡಿದಾದ ಬದು ಹತ್ತಬೇಕಾದರೆ ರಿವರ್ಸಲ್ಲಿ ಹತ್ತಿ. ಮರದ ದಿಮ್ಮಿ ಎಳೆಯೋಕೆ ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಿ. ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿದರೆ ಮೂತಿ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚತ್ತೆ. ಹಾರಿಕೊಳ್ಳೋಕೆ ಎರಡು ಸೆಕೆಂಡೂ ಸಿಗಲ್ಲ. ಮುಂಡು ಉಟ್ಟುಕೊಂಡು ತಿರುಗ್ತಿರೋ ಪಿಟಿಒ ಹತ್ತಿರ ಹೋಗೋರಿಗೂ ಇದೇ ಮಾತು.

ಇನ್ನು ಎಂಜಿನ್. "ಬೆಳಗ್ಗೆ ಬರ್ತೀನಿ, ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ" ಅಂತ ಮಾರುವವರಿಗೆ ಹೇಳಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಅವರು ಏನೋ ಮುಚ್ಚಿಡ್ತಿದ್ದಾರೆ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡ್ತಿದೆ, ದೊಡ್ಡ ಖರ್ಚು. ಕಪ್ಪು ಹೊಗೆಗೆ ಬರೀ ಕೊಳೆಯಾದ ಏರ್ ಫಿಲ್ಟರ್ ಕಾರಣ ಇರಬಹುದು. ಗೇರ್ ಬಾಕ್ಸ್ ಆಯಿಲನ್ನು ತಪ್ಪದೆ ನೋಡಿ. ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ಗದ್ದೆ ನೀರು ಒಳಗೆ ಹೋಗಿದೆ ಅಂತಲೇ ಲೆಕ್ಕ.

ಮನೆಗೆ ತಂದ ಮೇಲೆ ಎಂಜಿನ್ ಆಯಿಲ್, ಗೇರ್ ಆಯಿಲ್, ಆಯಿಲ್ ಮತ್ತು ಡೀಸೆಲ್ ಫಿಲ್ಟರ್ ಎಲ್ಲ ಬದಲಿಸಿ. ಹಳೇ ಮಾಲೀಕರು ಹೋದ ತಿಂಗಳೇ ಬದಲಿಸಿದ್ದಾರಂತೆ. ಇರಲಿ, ನೀವೂ ಬದಲಿಸಿ. ಡೀಸೆಲ್ ಫಿಲ್ಟರ್ ಹಾಕಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಖಾಲಿ ಆಗೋವರೆಗೆ ಕೀ ತಿರುಗಿಸ್ತಾ ಕೂರಬೇಡಿ. ಲೈನಿನಲ್ಲಿ ಏರ್ ಹಿಡಿದಿರತ್ತೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈ ಪಂಪ್ ಇದ್ದರೆ ಒತ್ತುತ್ತಾ ಇರಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಗ್ಲೋ ಪ್ಲಗ್ ಇರೋ ಎಂಜಿನ್ ಆದರೆ ಅದು ಕಾಯೋ ತನಕ ಸ್ವಲ್ಪ ತಡೀರಿ. ನಮ್ಮ ಮಳೆಗಾಲದ ತೇವಕ್ಕೆ ಅರ್ಧ ಖಾಲಿ ಟ್ಯಾಂಕಿನೊಳಗೆ ನೀರು ಕೂರತ್ತೆ. ಸಂಜೆ ತುಂಬಿಸಿ ನಿಲ್ಲಿಸೋದು ಒಳ್ಳೇದು.

ಕೂಟುಪುಳ ದಾಟಿ ಇರಿಟ್ಟಿ ಕಡೆ ಅಗ್ಗಕ್ಕೆ ಸಿಗತ್ತೆ ಅಂತ ಹೋಗೋರು ಇದ್ದಾರೆ. ಹೋಗಿ, ತಪ್ಪಿಲ್ಲ. ಆದರೆ ಕೇರಳದ ನಂಬರಿನ ಗಾಡಿಗೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಅದು ಫಾರ್ಮ್ 28. ಸಾಲ ಇದ್ದ ಗಾಡಿಗೆ ತೀರುವಳಿಯ ಫಾರ್ಮ್ 35, ಹೆಸರು ಬದಲಾವಣೆಗೆ 29 ಮತ್ತು 30. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು. ದುಡ್ಡು ಕೊಡೋ ಮೊದಲು ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ ನೋಡಿ, ಫೋನ್ ಹೇಗೂ ಕೈಯಲ್ಲೇ ಇರತ್ತಲ್ಲ. ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಸಬೇಡಿ.

ಇಷ್ಟೆಲ್ಲ ಕೇಳಿ "ಹಾಗಾದ್ರೆ ಬೇಡವಾ ಅಣ್ಣಾ?" ಅಂತ ಕೇಳ್ತೀರಿ. ವರ್ಷಕ್ಕೆ ಹತ್ತು ದಿನದ ಕೆಲಸ ಇರೋರಿಗೆ ಬೇಡ ಅಂತಲೇ ಹೇಳ್ತೀನಿ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ. ತೋಟ, ಗದ್ದೆ ಎರಡೂ ಇದ್ದು ಆಳು ಸಿಗದೆ ಒದ್ದಾಡೋರಿಗೆ ಹಳೇ ಮಿನಿ ಒಳ್ಳೇ ಜೊತೆಗಾರ. ನಮ್ಮದು ಈಗಲೂ ಓಡ್ತಿದೆ. ಪೆಡಲ್ ಲಾಕಿಗೆ ಕೆಂಪು ಬಣ್ಣ ಹೊಡೆದಿದ್ದೇನೆ, ಸೀಟಿಗೆ ಹತ್ತುವಾಗ ಕಣ್ಣಿಗೆ ಬೀಳಲಿ ಅಂತ.