ಮರಳ ಮೇಲಿನ ಡೇರೆಗಳು

ಮರುಭೂಮಿ ಎಂದೊಡನೆ ಯಾರಿಗೂ ಸೇರದ, ಏನು ಮಾಡಿದರೂ ಕೆಡದ ಬರಿಯ ನೆಲವೊಂದು ಕಣ್ಣ ಮುಂದೆ ನಿಲ್ಲುತ್ತದೆ. ಸರ್ಕಾರಿ ದಾಖಲೆಗಳಲ್ಲಿ ಅದಕ್ಕೆ ‘ಬಂಜರು’ ಎಂಬ ಹೆಸರೂ ಸಿದ್ಧವಾಗಿದೆ. ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿಲಿಮೀಟರಿಗಿಂತಲೂ ಕಡಿಮೆ ಮಳೆ. ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿದುಬಿಡುವುದುಂಟು. ಅಂಥ ನೆಲದಲ್ಲಿ ಕಾಪಾಡುವಂಥದ್ದು ಏನಿದ್ದೀತು ಎಂದು ಮಲೆನಾಡಿನವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಇದೇ ಅನಿಸಿಕೆಯನ್ನೇ ಬಂಡವಾಳ ಮಾಡಿಕೊಂಡು ಅಲ್ಲೊಂದು ಉದ್ಯಮ ಬೆಳೆದು ನಿಂತಿದೆ.

ಅದರ ಹೆಸರು ಗ್ಲ್ಯಾಂಪಿಂಗ್. ಡೇರೆಯ ವಾಸಕ್ಕೆ ಅರಮನೆಯ ಸುಖವನ್ನು ಹೊಲಿದು ಮಾಡಿದ ಪದ. ಕನ್ನಡಕ್ಕೆ ಇನ್ನೂ ಬಂದಿಲ್ಲ, ಬರದಿದ್ದರೂ ನಷ್ಟವಿಲ್ಲ. ಜೈಸಲ್ಮೇರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಸಮ್ ಎಂಬಲ್ಲಿ ಹಾಗೂ ನೈಋತ್ಯಕ್ಕಿರುವ ಖುರಿಯಲ್ಲಿ ಮರಳ ದಿಬ್ಬಗಳ ಸೆರಗಿನುದ್ದಕ್ಕೂ ಈ ಡೇರೆಗಳ ಸಾಲು ಹಬ್ಬಿದೆ. ಒಳಗೆ ಹವಾನಿಯಂತ್ರಕ, ಬಿಸಿನೀರು, ಡೇರೆಗೆ ಅಂಟಿದ ಶೌಚಾಲಯ. ಕೆಲವೆಡೆ ಈಜುಕೊಳವೂ ಉಂಟು. ಸಂಜೆ ಮಾಂಗಣಿಯಾರ್ ಗಾಯಕರ ಹಾಡು, ಕಾಲಬೇಲಿಯಾ ನೃತ್ಯ. ಅದು ಮುಗಿದ ಮೇಲೆ ಧ್ವನಿವರ್ಧಕದಲ್ಲಿ ಚಿತ್ರಗೀತೆಗಳ ಅಬ್ಬರ. ಹಗಲಿಗೆ ದಿಬ್ಬಗಳ ಮೇಲೆ ಜೀಪುಗಳ ಓಟ. ‘ನಿರ್ಜನ ಮರುಭೂಮಿಯ ಮೌನ’ವನ್ನು ಮಾರುವ ಜಾಹೀರಾತುಗಳು ಈ ಸದ್ದಿನ ವಿಷಯವನ್ನು ಹೇಳುವುದಿಲ್ಲ.

ಈ ಡೇರೆಗಳ ಆಚೆಗಿರುವುದು ಮರುಭೂಮಿ ರಾಷ್ಟ್ರೀಯ ಉದ್ಯಾನ. ಜೈಸಲ್ಮೇರ್ ಮತ್ತು ಬಾಡ್ಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರ್ ಹರಡಿರುವ ಇದು 1980ರಲ್ಲಿ ಘೋಷಿತವಾಯಿತು. ಹೆಸರಿಗೆ ರಾಷ್ಟ್ರೀಯ ಉದ್ಯಾನ, ಕಾನೂನಿನ ಕಣ್ಣಿಗೆ ಅಭಯಾರಣ್ಯ. ಎಪ್ಪತ್ತಕ್ಕೂ ಹೆಚ್ಚು ಹಳ್ಳಿ ಹಾಗೂ ಅಸಂಖ್ಯ ಢಾಣಿಗಳು, ಅಂದರೆ ನಾಲ್ಕಾರು ಮನೆಗಳ ಕೇರಿಗಳು, ಅದರೊಳಗೇ ಇವೆ. ಕುರಿ, ಮೇಕೆ, ಒಂಟೆ, ಥಾರ್‌ಪಾರ್ಕರ್ ಹಸುಗಳೊಡನೆ ಸೇವಣ್ ಹುಲ್ಲನ್ನು ನಂಬಿ ಬದುಕುವ ಈ ಜನರಿಗೆ ರಸ್ತೆ ಬೇಕೆಂದರೆ, ವಿದ್ಯುತ್ ತಂತಿ ಬೇಕೆಂದರೆ ಅರಣ್ಯ ಕಾನೂನು ಅಡ್ಡ ಬರುತ್ತದೆ. ಮಗ್ಗುಲಿನಲ್ಲೇ, ಗೆರೆಯ ಆಚೆ, ಜನರೇಟರುಗಳು ಇರುಳಿಡೀ ಗುಡುಗುಡಿಸುತ್ತವೆ. ನಿಯಮವೆಂಬುದು ಹಳ್ಳಿಗನಿಗೆ ಗೋಡೆ, ಅತಿಥಿಗೆ ಹೊಸ್ತಿಲು. ಕುದುರೆಮುಖದ ಸುತ್ತಲಿನ ಹಳ್ಳಿಗಳವರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ನೀರಿನ ಮಾತು ಇದಕ್ಕಿಂತಲೂ ಸೂಕ್ಷ್ಮ. ಅನುಪಮ ಮಿಶ್ರ ಅವರು 1995ರಲ್ಲಿ ಪ್ರಕಟಿಸಿದ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ ಪುಸ್ತಕದಲ್ಲಿ ಅಲ್ಲಿನ ಜನ ನೀರನ್ನು ಮೂರು ಬಗೆಯಾಗಿ ಎಣಿಸುವುದನ್ನು ವಿವರಿಸಿದ್ದಾರೆ. ಮುಗಿಲಿನಿಂದ ಬಿದ್ದು ಕೆರೆಕುಂಡಗಳಲ್ಲಿ ನಿಲ್ಲುವುದು ಪಾಲರ್ ಪಾನಿ; ಆಳದಲ್ಲಿರುವುದು ಪಾತಾಲ ಪಾನಿ, ಬಹುಪಾಲು ಉಪ್ಪು. ಇವೆರಡರ ನಡುವೆ, ಮರಳಿನಡಿ ಹಾಸಿರುವ ಜಿಪ್ಸಮ್ ಪದರ ತಡೆದು ನಿಲ್ಲಿಸಿದ ತೇವವೇ ರೇಜಾಣಿ ಪಾನಿ. ಆ ಪದರ ಇರುವಲ್ಲಿ ಒಬ್ಬ ಮನುಷ್ಯ ಕಷ್ಟಪಟ್ಟು ಇಳಿಯುವಷ್ಟು ಕಿರಿದಾದ ಬಾವಿ ತೋಡಿದರೆ ತೇವ ಹನಿಹನಿಯಾಗಿ ಬಸಿದು, ದಿನಕ್ಕೆ ಎರಡು ಮೂರು ಕೊಡ ಸಿಹಿನೀರಾಗುತ್ತದೆ. ಇಷ್ಟು ಲೆಕ್ಕಾಚಾರದ ನಾಡಿನಲ್ಲಿ ಟ್ಯಾಂಕರಿನ ನೀರು ತಂದು ಸ್ನಾನಕ್ಕೆ, ಶೌಚಕ್ಕೆ ಸುರಿದು ಇಂಗುಗುಂಡಿಗೆ ಬಿಡುವುದೆಂದರೆ ಏನರ್ಥ? ಮರಳು ಎಲ್ಲವನ್ನೂ ಹೀರಿಕೊಳ್ಳುತ್ತದೆ, ನಿಜ. ಹೀರಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರಿಲ್ಲ.

ಇನ್ನು ಹಕ್ಕಿಯ ವಿಷಯ. ಉತ್ತರ ಕರ್ನಾಟಕದ ಎರೆನೆಲದ ರೈತರು ಎರ್ಲಡ್ಡು ಎಂದು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ರಾಜಸ್ಥಾನದ ರಾಜ್ಯಪಕ್ಷಿ. ಅಲ್ಲಿ ಅದು ಗೋಡಾವಣ್. ಗಂಡು ಹಕ್ಕಿ ಹದಿನೈದು ಕಿಲೋ ತೂಗಬಲ್ಲದು. ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಇಂದು ಕಾಡಿನಲ್ಲಿ ಉಳಿದಿರುವುದು 150ಕ್ಕೂ ಕಡಿಮೆ ಎಂಬುದು ತಜ್ಞರ ಅಂದಾಜು. ಅವುಗಳಲ್ಲಿ ಬಹುಪಾಲು ಇದೇ ಜೈಸಲ್ಮೇರಿನ ಬಯಲಿನಲ್ಲಿವೆ. ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು: ಈ ಹಕ್ಕಿಯ ಮೊದಲ ಶತ್ರು ಡೇರೆಯಲ್ಲ, ಸೌರ ಮತ್ತು ಪವನ ವಿದ್ಯುತ್ತನ್ನು ಸಾಗಿಸುವ ತಂತಿ. ಎದುರಿನದನ್ನು ಸರಿಯಾಗಿ ಕಾಣಲಾರದ ಭಾರದ ಹಕ್ಕಿ ತಂತಿಗೆ ಬಡಿದು ಸಾಯುತ್ತದೆ. ತಂತಿಗಳನ್ನು ನೆಲದಡಿ ಹಾಯಿಸಬೇಕೆಂದು 2021ರಲ್ಲಿ ಆದೇಶಿಸಿದ ಸರ್ವೋಚ್ಚ ನ್ಯಾಯಾಲಯವೇ 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಪ್ರವಾಸಿಗರ ಸುಗ್ಗಿ ಚಳಿಗಾಲ. ಹಕ್ಕಿ ಮೊಟ್ಟೆ ಇಡುವುದು ಹೆಚ್ಚಾಗಿ ಬೇಸಿಗೆ, ಮಳೆಗಾಲಗಳಲ್ಲಿ. ಹೀಗಾಗಿ ತಮ್ಮಿಂದ ತೊಂದರೆಯೇ ಇಲ್ಲವೆಂದು ಡೇರೆಯ ಒಡೆಯರು ವಾದಿಸಬಹುದು. ಆದರೆ ಅತಿಥಿ ಹೋದ ಮೇಲೂ ಎಂಜಲು ತಿಂದು ಬೆಳೆದ ನಾಯಿಗಳು ಹೋಗುವುದಿಲ್ಲ. ನೆಲದ ಮೇಲಿನ ಮೊಟ್ಟೆಗೆ ನಾಯಿ, ನರಿ, ಕಾಗೆಗಳೇ ಮೃತ್ಯು. ಮೊಟ್ಟೆಗಳನ್ನು ಕಾಡಿನಿಂದ ಆಯ್ದು ತಂದು ಮರಿ ಮಾಡಿಸುವ ಸಂವರ್ಧನಾ ಕೇಂದ್ರವನ್ನು 2019ರಲ್ಲಿ ತೆರೆದದ್ದು ಇದೇ ಸಮ್‌ನಲ್ಲಿ. ಒಂದೇ ಊರ ಹೆಸರಿನಲ್ಲಿ ಒಂದೆಡೆ ಉಸಿರು ಬಿಗಿಹಿಡಿದು ಮೊಟ್ಟೆಗೆ ಕಾವು ಕೊಡುವವರು, ಇನ್ನೊಂದೆಡೆ ಜೀಪು ಹಾರಿಸುವವರು.

ಹಾಗೆಂದು ಡೇರೆಗಳೆಲ್ಲ ನಾಳೆಯೇ ಕಿತ್ತುಹೋಗಲಿ ಎನ್ನುವುದು ಸುಲಭ, ಸರಿಯಲ್ಲ. ಬರಗಾಲದ ವರ್ಷ ಮಾಂಗಣಿಯಾರರ ಮನೆಯಲ್ಲಿ ಒಲೆ ಉರಿಯುವುದು ಈ ಅತಿಥಿಗಳಿಂದಲೇ. ಒಂಟೆಯವರದ್ದೂ ಅದೇ ಕಥೆ. 2012ರಲ್ಲಿ ದೇಶದಲ್ಲಿ ನಾಲ್ಕು ಲಕ್ಷವಿದ್ದ ಒಂಟೆಗಳು 2019ರ ಜಾನುವಾರು ಗಣತಿಯ ವೇಳೆಗೆ ಎರಡೂವರೆ ಲಕ್ಷಕ್ಕೆ ಕುಸಿದವು. ಹೊಲ ಉಳಲು ಟ್ರ್ಯಾಕ್ಟರ್ ಬಂದ ಮೇಲೆ ಒಂಟೆಗೆ ಉಳಿದ ಕೆಲಸವೆಂದರೆ ಸವಾರಿ. ಈಗ ಜೀಪಿನ ಓಟ ಅದನ್ನೂ ಕಸಿಯುತ್ತಿದೆ. ಜೀಪುಗಳನ್ನು ದಿಬ್ಬದಿಂದ ಇಳಿಸಿದರೆ ಒಂಟೆಯವನಿಗೂ ಹಕ್ಕಿಗೂ ಒಮ್ಮೆಗೇ ಲಾಭ. ಡೇರೆಗಳ ಸಂಖ್ಯೆಗೆ ಮಿತಿ, ಬಳಸಿದ ನೀರಿಗೆ ಲೆಕ್ಕ, ಕಸ ಹಿಂದಕ್ಕೊಯ್ಯುವ ಕಡ್ಡಾಯ, ಇರುಳಿನಲ್ಲಿ ಧ್ವನಿವರ್ಧಕಕ್ಕೆ ತಡೆ, ಇವನ್ನೆಲ್ಲ ನಿರ್ಧರಿಸುವ ಮಾತು ಗ್ರಾಮಸಭೆಗೆ: ಇಷ್ಟನ್ನು ಕೇಳುವುದು ಅತಿಯಾಸೆಯೇನಲ್ಲ.

ಅಲ್ಲಿನ ಹಳ್ಳಿಗರಿಗೆ ನೆಲ ಕಾಯುವುದನ್ನು ಹೊರಗಿನವರು ಕಲಿಸಬೇಕಿಲ್ಲ. ಕೊಡಗಿನ ದೇವರಕಾಡಿನಂತೆ ಅವರಿಗೆ ಓರಣ್‌ಗಳಿವೆ. ದೇವರಿಗೆ ಬಿಟ್ಟ ಆ ಗೋಮಾಳದಲ್ಲಿ ಕೊಡಲಿ ಆಡುವುದಿಲ್ಲ. ಅಲ್ಲಿನ ಖೇಜಡಿ, ಇಲ್ಲಿ ದಸರೆಯಲ್ಲಿ ಪೂಜಿಸುವ ಬನ್ನಿಯೇ. ಅನೇಕ ಓರಣ್‌ಗಳು ಕಂದಾಯ ದಾಖಲೆಯಲ್ಲಿ ‘ಬಂಜರು’ ಆಗಿಹೋಗಿದ್ದವು. ಅವನ್ನು ಸಮೀಕ್ಷೆ ಮಾಡಿ ಅರಣ್ಯವೆಂದು ಅಧಿಸೂಚಿಸುವಂತೆ ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ರಾಜಸ್ಥಾನ ಸರ್ಕಾರಕ್ಕೆ ಹೇಳಬೇಕಾಯಿತು.

ಆ ಪದ ಕರ್ನಾಟಕದಲ್ಲಿಯೂ ತನ್ನ ಕೆಲಸ ಮಾಡಿದೆ. ರಾಣೆಬೆನ್ನೂರಿನ ಹುಲ್ಲುಬಯಲು ಬರಿದೆಂದು ಬಗೆದು ಅಲ್ಲಿ ನೀಲಗಿರಿ ತೋಪು ಬೆಳೆಸಲಾಯಿತು. 1974ರಲ್ಲಿ ಅಭಯಾರಣ್ಯವೆಂಬ ಫಲಕವೂ ಬಂತು. ಕೃಷ್ಣಮೃಗಗಳು ಉಳಿದವು. ಎರ್ಲಡ್ಡು ಈಗ ಅಲ್ಲಿಲ್ಲ. ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ, ಹತ್ತಿ, ಕಡಲೆ ಬೆಳೆಯುವ ರೈತರ ಕಣ್ಣೆದುರಿಗೆ.