ಈಜು ಬಾರದವರ ಕಡಲು

ಮುರುಡೇಶ್ವರದಲ್ಲಿ ಸ್ಕೂಬಾ ಡೈವಿಂಗ್‌ಗೆ ಕರೆಯುವ ಜಾಹೀರಾತುಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ಈಜು ಬರಬೇಕೆಂದೇನಿಲ್ಲ’. ನನ್ನ ಗೆಳೆಯರಲ್ಲಿ ಕೆಲವರಿಗೆ ಈ ಸಾಲು ಕಂಡರೆ ನಗು. ಈಜೇ ಬಾರದವರು ಸಮುದ್ರಕ್ಕೆ ಇಳಿಯುವುದು ಸಾಹಸವಲ್ಲ, ಬರೀ ರೀಲ್ಸ್ ಹುಚ್ಚು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಒಂದು ಸಾಲು ಇಲ್ಲದಿದ್ದರೆ ಗದಗ ಜಿಲ್ಲೆಯ ನನ್ನಂಥವಳಿಗೆ ಅರಬ್ಬಿ ಸಮುದ್ರ ದಡದಲ್ಲಿ ನಿಂತು ನೋಡಿ ಬರುವ ನೀರಾಗಿಯೇ ಉಳಿಯುತ್ತಿತ್ತು. ನಮ್ಮೂರಲ್ಲಿ ಗಂಡುಹುಡುಗರು ಬಾವಿಗೆ ಹಾರಿ ಈಜು ಕಲಿಯುತ್ತಾರೆ. ಹುಡುಗಿಯರಿಗೆ ಆ ಬಾವಿಯೂ ಇಲ್ಲ.

ನೇತ್ರಾಣಿ ದ್ವೀಪದ ದೊಡ್ಡ ಗುಣವೇ ಅದು ಕೈಗೆಟಕುವಂತಿರುವುದು. ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೋಗಬೇಕೆಂದರೆ ವಿಮಾನ, ಆಮೇಲೆ ಹಡಗು. ಲಕ್ಷದ್ವೀಪಕ್ಕೆ ಪರವಾನಗಿ ಬೇಕು. ನೇತ್ರಾಣಿಗೆ ನಾವು ನಾಲ್ವರು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೊರಟು, ಅರಬೈಲ್ ಘಟ್ಟ ಇಳಿದು, ಅಂಕೋಲಾ, ಕುಮಟಾ, ಹೊನ್ನಾವರ ದಾಟಿ ಹೋದೆವು. ಬೆಂಗಳೂರಿನವರಿಗೆ ರಾತ್ರಿ ರೈಲಿದೆ. ಮುರುಡೇಶ್ವರದ ದಡದಿಂದ ದ್ವೀಪ ಸುಮಾರು 19 ಕಿಲೊಮೀಟರ್. ಪುನೀತ್ ರಾಜ್‌ಕುಮಾರ್ ಅವರ ‘ಗಂಧದಗುಡಿ’ 2022ರಲ್ಲಿ ಬಂದ ಮೇಲೆ ಈ ನೀರಿನ ಅಡಿ ಏನಿದೆ ಎಂಬುದು ನಮ್ಮ ವಯಸ್ಸಿನವರಿಗೆಲ್ಲ ಗೊತ್ತಾಯಿತು. ನನಗೆ ತಗುಲಿದ್ದು ಐದು ಸಾವಿರದ ಆಸುಪಾಸು. ಮೆಸ್ ಬಿಲ್ಲಿನ ಲೆಕ್ಕದಲ್ಲಿ ಅದು ಸಣ್ಣ ಮೊತ್ತವೇನಲ್ಲ, ಆದರೆ ಎರಡು ತಿಂಗಳು ಟ್ಯೂಷನ್ ಹೇಳಿ ಕೂಡಿಸಬಹುದಾದದ್ದು.

‘ಈಜಾಕ ಬರಂಗಿಲ್ಲ, ಸಮುದ್ರದಾಗ ಮುಳುಗಾಕ ಹೊಂಟೀಯೇನ?’ ಎಂದು ಅವ್ವ ಕೇಳಿದ್ದಳು. ಅವಳ ಪ್ರಶ್ನೆಗೆ ಉತ್ತರವಿರುವುದು ಪಿಯುಸಿ ಪಠ್ಯದಲ್ಲಿ. ಬಾಯ್ಲನ ನಿಯಮ ನೆನಪಿದೆಯಲ್ಲ? ನೀರಿನ ಮೇಲೆ ಒತ್ತಡ ಒಂದು ಅಟ್ಮಾಸ್ಫಿಯರ್. ಹತ್ತು ಮೀಟರ್ ಕೆಳಗೆ ಎರಡು. ಅಲ್ಲಿಗೆ ಕಿವಿಯೊಳಗಿನ ಗಾಳಿಯ ಗಾತ್ರ ಅರ್ಧವಾಗುತ್ತದೆ. ಅಲ್ಲಿಂದ ಇನ್ನೂ ಹತ್ತು ಮೀಟರ್ ಇಳಿದರೆ ಅದು ಮೂರನೇ ಒಂದು ಭಾಗ. ಎಂದರೆ ಅತಿ ಹೆಚ್ಚು ಬದಲಾವಣೆ ಆಗುವುದು ಆಳದಲ್ಲಲ್ಲ, ಮೊದಲ ಹತ್ತು ಮೀಟರಿನಲ್ಲೇ. ನಮ್ಮಂಥ ಮೊದಲ ಬಾರಿಯವರನ್ನು ಇಳಿಸುವುದೂ ಅಷ್ಟರಲ್ಲೇ. ಮಿತಿ ಹನ್ನೆರಡು ಮೀಟರ್. ಆದ್ದರಿಂದ ಕೈಕಾಲು ಬಡಿಯುವುದಕ್ಕಿಂತ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳುವುದು ಮುಖ್ಯ. ಅದಕ್ಕಿಂತಲೂ ಮುಖ್ಯವಾದದ್ದು ಉಸಿರು ಹಿಡಿಯದಿರುವುದು. ಹತ್ತು ಮೀಟರಿನಲ್ಲಿ ಎದೆ ತುಂಬ ಉಸಿರೆಳೆದು ಬಿಗಿಹಿಡಿದು ಮೇಲೆ ಬಂದರೆ, ಆ ಗಾಳಿ ಎರಡು ಪಟ್ಟಾಗಲು ಹವಣಿಸುತ್ತದೆ. ಶ್ವಾಸಕೋಶ ಬಲೂನಲ್ಲ.

ಬೆನ್ನಿಗಿರುವುದನ್ನು ಎಲ್ಲರೂ ‘ಆಕ್ಸಿಜನ್ ಸಿಲಿಂಡರ್’ ಎನ್ನುತ್ತಾರೆ. ಅದರಲ್ಲಿರುವುದು ನಾವು ಈಗ ಉಸಿರಾಡುತ್ತಿರುವ ಮಾಮೂಲಿ ಗಾಳಿಯೇ, ಅದುಮಿ ತುಂಬಿದ್ದು. ಅದನ್ನು ಬೇಕಾದಾಗ, ಬೇಕಾದಷ್ಟು, ಸುತ್ತಲಿನ ಒತ್ತಡಕ್ಕೆ ಸರಿಯಾಗಿ ಬಾಯಿಗೆ ಕೊಡುವ ವಾಲ್ವ್ ರೂಪಿಸಿದವರು ಫ್ರಾನ್ಸಿನ ಕೂಸ್ಟೊ ಮತ್ತು ಗಾನ್ಯಾನ್, 1943ರಲ್ಲಿ. ಗಾನ್ಯಾನ್ ಎಂಜಿನಿಯರ್. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಗ್ಯಾಸಿನಲ್ಲಿ ಕಾರು ಓಡಿಸಲು ಮಾಡಿದ್ದ ವಾಲ್ವೇ ಅದರ ಮೂಲ. (ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತಿರಲಿಲ್ಲ.)

ಇಷ್ಟೆಲ್ಲ ನನಗೆ ತಿಳಿದಿದ್ದು ಹೋಗುವ ಮೊದಲು ಓದಿದ್ದರಿಂದ. ನನ್ನ ತಕರಾರು ಇರುವುದೇ ಇಲ್ಲಿ. ನಾವು ಹೋದ ತಂಡದಲ್ಲಿ ವಿವರಣೆ ಮುಗಿದದ್ದು ದೋಣಿಯಲ್ಲಿ, ಹತ್ತೇ ನಿಮಿಷಕ್ಕೆ. ದೋಣಿ ಓಲಾಡುತ್ತಿತ್ತು, ಅರ್ಧ ಜನ ವಾಂತಿ ಮಾಡಿಕೊಳ್ಳುತ್ತಿದ್ದರು. ಆರೋಗ್ಯದ ಫಾರಂಗೆ ಓದದೇ ಸಹಿ ಹಾಕಿದವರೇ ಹೆಚ್ಚು. ಅಸ್ತಮಾ ಇದೆಯೇ, ನೆಗಡಿ ಇದೆಯೇ ಎಂದು ಅದರಲ್ಲಿ ಕೇಳುವುದು ಸುಮ್ಮನೆ ಅಲ್ಲ. ಕ್ಯಾಮೆರಾ ಬಂದಾಗ ಹೇಗೆ ನೋಡಬೇಕು ಎಂಬುದನ್ನು ಮಾತ್ರ ಎರಡು ಸಲ ಹೇಳಿಕೊಟ್ಟರು. ನೀರಿನೊಳಗೆ ಹೆಬ್ಬೆರಳು ಎತ್ತಿದರೆ ‘ಸೂಪರ್’ ಎಂದಲ್ಲ, ‘ಮೇಲೆ ಹೋಗೋಣ’ ಎಂದರ್ಥ. ನಮ್ಮ ಜೊತೆಗಿದ್ದ ಒಬ್ಬ ಖುಷಿಗೆ ಹೆಬ್ಬೆರಳು ಎತ್ತಿದ, ಅವನನ್ನು ಮೇಲೆ ತಂದರು. ಅವನ ಕಡಲು ಅಷ್ಟಕ್ಕೇ ಮುಗಿಯಿತು, ದುಡ್ಡು ವಾಪಸಿಲ್ಲ.

ನನಗೆ ಸಿಕ್ಕಿದ್ದು ಅರ್ಧ ಗಂಟೆಗೂ ಕಡಿಮೆ. ಹವಳ, ಅದನ್ನು ಕಚ್ಚುತ್ತಿದ್ದ ಗಿಳಿಮೀನು, ನನ್ನದೇ ಉಸಿರಿನ ಸದ್ದು. ಕೆಳಗೆ ಕೆಂಪು ಬಣ್ಣ ಮಾಸುತ್ತದೆ, ನೀರು ಮೊದಲು ಹೀರುವುದು ಅದನ್ನೇ. ನನ್ನ ಕೆಂಪು ದಾರ ಕಂದಾಗಿ ಕಂಡಿತು. ವಿಡಿಯೊದಲ್ಲಿ ಇದಾವುದೂ ಇಲ್ಲ, ನಾನು ಕೈಬೀಸುತ್ತಿರುವುದಷ್ಟೇ ಇದೆ.

2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರದ ದಡದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಅವರೂ ಕೋಲಾರ ಜಿಲ್ಲೆಯವರು, ಕಡಲಿಲ್ಲದ ಸೀಮೆಯವರು. ಅದು ಡೈವಿಂಗ್ ಅಲ್ಲ, ನಿಜ. ಆದರೆ ಒಳನಾಡಿನ ನಮಗೆ ರಸ್ತೆ, ರೈಲು, ರೀಲ್ಸ್ ಎಲ್ಲವೂ ಕಡಲನ್ನು ಹತ್ತಿರ ತಂದಿವೆ. ನೀರಿನ ತಿಳಿವಳಿಕೆಯನ್ನು ಮಾತ್ರ ಯಾರೂ ತಂದುಕೊಟ್ಟಿಲ್ಲ. ‘ಈಜು ಬರಬೇಕೆಂದೇನಿಲ್ಲ’ ಎನ್ನುವುದು ಬಾಗಿಲು ತೆರೆಯುವ ಮಾತಾಗಲಿ. ಕಲಿಯುವುದೇ ಬೇಡ ಎಂಬ ಮಾತಾದರೆ ಕಷ್ಟ.

ದೋಣಿ ಹತ್ತುವ ಮುನ್ನ ಆಳವಿಲ್ಲದ ನೀರಿನಲ್ಲಿ ಒಂದು ತಾಸು ಅಭ್ಯಾಸವನ್ನು ಕಡ್ಡಾಯ ಮಾಡಲಿ. ದರ ಐನೂರು ಹೆಚ್ಚಾದರೂ ಕೊಡೋಣ. ಹವಳ ಮುಟ್ಟಬಾರದೆಂದು ಕನ್ನಡದಲ್ಲಿ, ದಡದಲ್ಲೇ ಹೇಳಲಿ. ಗಟ್ಟಿ ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ ಎಂದು ನನ್ನ ಜೊತೆಗಿದ್ದ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು ಕೆಲಸ ಹುಡುಕುವವರಿಗೆ. ಹದಿನೆಂಟು ಮೀಟರ್‌ವರೆಗೆ ಇಳಿಯಲು ಅರ್ಹತೆ ಕೊಡುವ ಓಪನ್ ವಾಟರ್ ಕೋರ್ಸು ಮೂರು–ನಾಲ್ಕು ದಿನದ್ದು. ಅದಕ್ಕೆ ಮಾತ್ರ ಈಜು ಬರಲೇಬೇಕು. ಮುಂದೆ ಡೈವ್‌ಮಾಸ್ಟರ್, ಇನ್‌ಸ್ಟ್ರಕ್ಟರ್ ತನಕ ದಾರಿ ಇದೆ. ಕರಾವಳಿಯ ಮೀನುಗಾರ ಮನೆಗಳ ಹುಡುಗ ಹುಡುಗಿಯರಿಗೆ ಸರ್ಕಾರ ಈ ಕೋರ್ಸಿನ ಶುಲ್ಕ ಭರಿಸಿದರೆ, ಆ ನೀರನ್ನು ಬಲ್ಲವರೇ ನಮ್ಮನ್ನು ಇಳಿಸುತ್ತಾರೆ. ಮಳೆಗಾಲದಲ್ಲಿ ಡೈವಿಂಗ್ ಬಂದ್ ಆಗುವುದರಿಂದ ಆ ತಿಂಗಳುಗಳ ಆದಾಯಕ್ಕೆ ಬೇರೆ ದಾರಿ ಯೋಚಿಸಬೇಕು ಎಂಬುದೂ ಸತ್ಯ.

ನಾನು ಈ ಸೆಮಿಸ್ಟರ್ ಈಜುಕೊಳದ ಬೆಳಗಿನ ಬ್ಯಾಚ್ ಸೇರಿದ್ದೇನೆ. ಆರು ಗಂಟೆಗೆ ನೀರು ಕೊರೆಯುತ್ತದೆ. ಸದ್ಯಕ್ಕೆ ಅರ್ಧ ಕೊಳ ದಾಟುತ್ತೇನೆ.