ಬಿ.ಫಾರ್ಮಾ ಕಟ್‌ಆಫ್: ಅದು ಅಂಕ ಅಲ್ಲ, ರ‍್ಯಾಂಕ್

ಸಿಇಟಿ ರಿಸಲ್ಟ್ ಬಂದ ಮೇಲೆ ತಾಲ್ಲೂಕಿನ ಪೋಷಕರದ್ದು ಒಂದೇ ಪ್ರಶ್ನೆ: ‘ಬಿ.ಫಾರ್ಮಾಕ್ಕೆ ಕಟ್‌ಆಫ್ ಎಷ್ಟು?’ ಇದಕ್ಕೆ ಒಂದೇ ನಂಬರ್ ಇಲ್ಲ.

ಕೆಇಎ ಪ್ರಕಟಿಸುವ ಕಟ್‌ಆಫ್ ಪಾಸಿಂಗ್ ಮಾರ್ಕ್ಸ್ ಅಲ್ಲ. ಒಂದು ಕಾಲೇಜಿನಲ್ಲಿ, ಒಂದು ಕೆಟಗರಿಯಲ್ಲಿ, ಆ ಸುತ್ತಿನಲ್ಲಿ ಕೊನೆಯ ಸೀಟು ಸಿಕ್ಕವರ ರ‍್ಯಾಂಕ್ ಅದು. ಉದಾಹರಣೆಗೆ ಕಟ್‌ಆಫ್ 20,000 ಅಂತಿದ್ದರೆ, 18,000 ರ‍್ಯಾಂಕಿನವರಿಗೆ ಆ ಸೀಟು ಸಿಗುತ್ತಿತ್ತು, 22,000 ಇದ್ದವರಿಗೆ ಇಲ್ಲ. ಈ ವರ್ಷದ್ದು ಸೀಟು ಹಂಚಿಕೆ ಆದಮೇಲೇ ಗೊತ್ತಾಗೋದು. ಹಾಗಾಗಿ ‘ನಿಮಗೆ ಸಿಗಲ್ಲ, ಮ್ಯಾನೇಜ್‌ಮೆಂಟ್ ಸೀಟಿಗೆ ಇವತ್ತೇ ಅಡ್ವಾನ್ಸ್ ಕಟ್ಟಿ’ ಅನ್ನೋರ ಮಾತಿಗೆ ಹೆದರಬೇಡಿ.

ಹಳೇ ಪಟ್ಟಿ ನೋಡುವಾಗ ಮೂರು ವಿಷಯ ಗಮನಿಸಿ.

ಒಂದು, ಎಂಜಿನಿಯರಿಂಗ್ ರ‍್ಯಾಂಕ್ ಬೇರೆ, ಫಾರ್ಮಸಿ ರ‍್ಯಾಂಕ್ ಬೇರೆ.

ಎರಡು, ಕೆಟಗರಿ ಕೋಡ್. 2ಎಜಿ ಅಂದರೆ 2ಎ ಸಾಮಾನ್ಯ, 2ಎಆರ್ ಗ್ರಾಮೀಣ, 2ಎಕೆ ಕನ್ನಡ ಮಾಧ್ಯಮ. ನಮ್ಮ ಹಳ್ಳಿಗಳಲ್ಲಿ 1ರಿಂದ 10ನೇ ಕ್ಲಾಸ್ ಓದಿದ ಮಕ್ಕಳು ಗ್ರಾಮೀಣ, ಕನ್ನಡ ಮಾಧ್ಯಮ ಕೋಟಾ ಬಿಡಬಾರದು. ಆದರೆ ಅರ್ಜಿಯಲ್ಲೇ ಕೇಳಿರಬೇಕು, ಸರ್ಟಿಫಿಕೇಟ್ ಇರಬೇಕು.

ಮೂರು, ಯಾವ ಸುತ್ತಿನ ಪಟ್ಟಿ. ಸೀಟು ಬಿಟ್ಟುಹೋಗುವವರು ಇರೋದರಿಂದ ಮುಂದಿನ ಸುತ್ತಲ್ಲಿ ಹಿಂದಿನ ರ‍್ಯಾಂಕಿನವರಿಗೂ ಅವಕಾಶ ಬರುತ್ತೆ.

ಆಪ್ಷನ್ ಎಂಟ್ರಿಯಲ್ಲಿ ಇಷ್ಟದ ಕಾಲೇಜು ಮೇಲೆ ಹಾಕಿ, ಪಟ್ಟಿ ಉದ್ದ ಇರಲಿ. ಹಾಕದ ಕಾಲೇಜು ಎಷ್ಟೇ ಒಳ್ಳೇ ರ‍್ಯಾಂಕ್ ಇದ್ದರೂ ಸಿಗಲ್ಲ.

ಮೆಡಿಕಲ್ ಶಾಪ್ ಇಡೋದೇ ಗುರಿಯಾದರೆ ಡಿ.ಫಾರ್ಮಾ ಕೂಡ ಇದೆ. ಪಿಯು ಸೈನ್ಸ್ ಪಾಸಾದವರಿಗೆ 2 ವರ್ಷದ ಕೋರ್ಸ್, ಸಿಇಟಿ ರ‍್ಯಾಂಕ್ ಬೇಕಿಲ್ಲ. ಮುಂದೆ ಓದಬೇಕು ಅನ್ನಿಸಿದರೆ ಬಿ.ಫಾರ್ಮಾ ಎರಡನೇ ವರ್ಷಕ್ಕೆ ಸೇರೋ ದಾರಿನೂ ಇದೆ.